ಲಂಡನ್‌ಗೆ ಹೋಗುವ ಮುಸ್ಲಿಂ ಪ್ರಯಾಣಿಕರಿಗೆ ಕೈಪಿಡಿ: ಊಟ ಎಲ್ಲಿ, ನಮಾಜ್ ಎಲ್ಲಿ?

ಮಗ ಓದಲು ಹೋಗಿದ್ದಾನೆ, ಮಗಳು ಅಲ್ಲಿ ನರ್ಸ್ ಆಗಿದ್ದಾಳೆ, ಅಳಿಯನಿಗೆ ಅಲ್ಲಿ ಕೆಲಸ ಸಿಕ್ಕಿದೆ. ಹೀಗೆ ಒಂದಿಲ್ಲೊಂದು ಕಾರಣಕ್ಕೆ ಲಂಡನ್‌ಗೆ ಹೊರಡುವವರು ನಮ್ಮ ಗಡಿನಾಡಿನ ಊರುಗಳಲ್ಲೂ ಇದ್ದಾರೆ. ಟಿಕೆಟ್, ವೀಸಾ ವಿಷಯವನ್ನು ಟ್ರಾವೆಲ್ ಏಜೆಂಟ್ ಹೇಳಿಕೊಡುತ್ತಾನೆ. ಆದರೆ ಅಲ್ಲಿ ಏನು ತಿನ್ನಬಹುದು, ಏನು ತಿನ್ನಬಾರದು, ನಮಾಜ್ ಎಲ್ಲಿ ಮಾಡುವುದು, ಯಾವ ದಿಕ್ಕಿಗೆ ನಿಲ್ಲುವುದು ಎಂಬುದನ್ನು ಹೇಳುವವರು ಕಡಿಮೆ. ಇದು ತಿಳಿಯದೆ ವಾರಗಟ್ಟಲೆ ಬ್ರೆಡ್ಡು, ಬಾಳೆಹಣ್ಣಿನಲ್ಲೇ ದಿನ ದೂಡುವವರಿದ್ದಾರೆ. ಬೋರ್ಡು ನಂಬಿ ತಿಂದು ಆಮೇಲೆ ಮನಸ್ಸು ಕೆಡಿಸಿಕೊಂಡವರೂ ಇದ್ದಾರೆ. ಓದುಗರ ಅನುಕೂಲಕ್ಕಾಗಿ ಮುಖ್ಯ ಸಂಗತಿಗಳನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಮೊದಲಿಗೆ ಒಂದು ಸಮಾಧಾನದ ಮಾತು. 2021ರ ಜನಗಣತಿಯಂತೆ ಲಂಡನ್ ನಗರದಲ್ಲಿ ಸುಮಾರು 13 ಲಕ್ಷ ಮುಸ್ಲಿಮರಿದ್ದಾರೆ. ಅಂದರೆ ನಗರದ ಜನಸಂಖ್ಯೆಯಲ್ಲಿ ಶೇ. 15ರಷ್ಟು. ಪೂರ್ವ ಲಂಡನ್‌ನ ಟವರ್ ಹ್ಯಾಮ್ಲೆಟ್ಸ್ ಪ್ರದೇಶದಲ್ಲಿ ಈ ಪ್ರಮಾಣ ಶೇ. 40ರ ಹತ್ತಿರವಿದೆ. ಆದ್ದರಿಂದ ಹಲಾಲ್ ಊಟವೂ ಮಸೀದಿಯೂ ಸಿಗದ ಊರು ಇದಲ್ಲ. ಎಲ್ಲಿ ಹುಡುಕಬೇಕು, ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಸಾಕು.

ಹೊರಡುವ ಮುನ್ನ

ವಿಮಾನದ ಟಿಕೆಟ್ ಮಾಡಿಸುವಾಗಲೇ 'ಮುಸ್ಲಿಂ ಮೀಲ್' ಬೇಕೆಂದು ಬರೆಸಿ. ವಿಮಾನ ಕಂಪನಿಗಳು ಇದನ್ನು 'ಎಂಒಎಂಎಲ್' ಎಂಬ ಸಂಕೇತದಲ್ಲಿ ಗುರುತಿಸುತ್ತವೆ. ಹೊರಡುವ ದಿನ ವಿಮಾನದೊಳಗೆ ಕೇಳಿದರೆ ಸಿಗುವುದಿಲ್ಲ.

ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗುವವರು ಗಮನಿಸಬೇಕಾದ ಒಂದು ನಿಯಮವಿದೆ. ಭಾರತದಿಂದ ಬರುವ ಪ್ರಯಾಣಿಕರು ಮಾಂಸ, ಮಾಂಸದಿಂದ ಮಾಡಿದ ಪದಾರ್ಥ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬ್ರಿಟನ್ನಿಗೆ ತರುವಂತಿಲ್ಲ. ಪ್ರೀತಿಯಿಂದ ಹುರಿದು ಕಟ್ಟಿದ ಒಣಮಾಂಸವಾಗಲಿ, ಖೋವಾದ ಪೇಡೆಯಾಗಲಿ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿ ಸೇರುತ್ತದೆ. ಸೋಲಾಪುರದ ಶೇಂಗಾ ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ, ಅವಲಕ್ಕಿಯಂಥವಕ್ಕೆ ಈ ತೊಂದರೆ ಇಲ್ಲ.

ಕೈಚೀಲದಲ್ಲಿ ಒಂದು ತೆಳ್ಳನೆಯ ಮುಸಲ್ಲಾ, ಒಂದು ಖಾಲಿ ನೀರಿನ ಬಾಟಲಿ, ಒಂದು ಚಿಕ್ಕ ದಿಕ್ಸೂಚಿ ಇರಲಿ. ಬಾಟಲಿ ಯಾಕೆಂದರೆ ಅಲ್ಲಿನ ಶೌಚಾಲಯಗಳಲ್ಲಿ ಕಾಗದ ಮಾತ್ರ ಇರುತ್ತದೆ, ನೀರಿನ ವ್ಯವಸ್ಥೆ ಇರುವುದಿಲ್ಲ. ಕೈತೊಳೆಯುವ ನಲ್ಲಿಯಿಂದ ಬಾಟಲಿ ತುಂಬಿಸಿಕೊಂಡು ಒಳಗೆ ಹೋಗುವುದು ಅಲ್ಲಿನ ನಮ್ಮವರ ರೂಢಿ.

ಖಿಬ್ಲಾ ಯಾವ ಕಡೆ?

ನಮ್ಮಲ್ಲಿ ಹುಟ್ಟಿದಂದಿನಿಂದ ಪಶ್ಚಿಮಕ್ಕೆ ತಿರುಗಿ ನಿಂತು ರೂಢಿ. ಲಂಡನ್‌ನಲ್ಲಿ ಆ ರೂಢಿಯನ್ನು ಬಿಡಬೇಕು. ಮಕ್ಕಾ ಪಟ್ಟಣ ಅಲ್ಲಿಂದ ಆಗ್ನೇಯ ದಿಕ್ಕಿಗಿದೆ. ದಿಕ್ಸೂಚಿ ಇದ್ದರೆ ಉತ್ತರದಿಂದ ಬಲಕ್ಕೆ ಸುಮಾರು 119 ಡಿಗ್ರಿ. ಅಂದರೆ ಪೂರ್ವಕ್ಕೆ ಮುಖ ಮಾಡಿ ಸ್ವಲ್ಪ ಬಲಕ್ಕೆ ತಿರುಗಿ ನಿಂತರೆ ಸರಿಯಾಗುತ್ತದೆ. ಹೋಟೆಲ್ ಕೋಣೆಗೆ ಹೋದ ಕೂಡಲೇ ದಿಕ್ಕು ನೋಡಿ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮೋಡ ಕವಿದ ದಿನಗಳೇ ಹೆಚ್ಚಾದ್ದರಿಂದ ಸೂರ್ಯನನ್ನು ನೋಡಿ ಅಂದಾಜು ಮಾಡುವುದು ಅಲ್ಲಿ ಕಷ್ಟ.

ವೇಳೆಯ ಲೆಕ್ಕ

ಊರಿನ ವೇಳೆಗೂ ಲಂಡನ್ ವೇಳೆಗೂ ಇರುವ ಅಂತರ ವರ್ಷವಿಡೀ ಒಂದೇ ಅಲ್ಲ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ಇಡುತ್ತಾರೆ. ಹೀಗಾಗಿ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಹಗಲಿನ ಉದ್ದದ್ದು. ಜೂನ್ ತಿಂಗಳ ಕೊನೆಗೆ ಸೂರ್ಯೋದಯ ಬೆಳಗ್ಗೆ 4.45ರ ಸುಮಾರಿಗೆ, ಸೂರ್ಯಾಸ್ತ ರಾತ್ರಿ 9.20ರ ಸುಮಾರಿಗೆ. ಮೇ ಕೊನೆಯ ವಾರದಿಂದ ಜುಲೈ ಮೂರನೇ ವಾರದವರೆಗೆ ರಾತ್ರಿಯಿಡೀ ಆಕಾಶದಲ್ಲಿ ಮಂದ ಬೆಳಕು ಉಳಿಯುವುದರಿಂದ ಇಶಾ ಮತ್ತು ಫಜರ್ ವೇಳೆಯನ್ನು ನಮ್ಮಲ್ಲಿಯ ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಉಲೆಮಾಗಳು ಬೇರೆ ಬೇರೆ ವಿಧಾನ ಹೇಳಿರುವುದರಿಂದ ಎರಡು ಮಸೀದಿಗಳ ವೇಳಾಪಟ್ಟಿಯಲ್ಲಿ ಇಶಾಕ್ಕೆ ಅರ್ಧ, ಒಂದು ಗಂಟೆ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ನೀವು ಉಳಿದುಕೊಂಡ ಪ್ರದೇಶದ ಮಸೀದಿಯ ಪಟ್ಟಿಯನ್ನು ಹಿಡಿದು ಅದನ್ನೇ ಅನುಸರಿಸಿ.

ಡಿಸೆಂಬರ್‌ನಲ್ಲಿ ಇದರ ತಿರುಗುಮುರುಗು. ಸೂರ್ಯೋದಯ ಬೆಳಗ್ಗೆ 8 ಗಂಟೆಗೆ, ಸೂರ್ಯಾಸ್ತ ಸಂಜೆ ನಾಲ್ಕಕ್ಕೂ ಮುಂಚೆ. ಮಧ್ಯಾಹ್ನ ಪೇಟೆಗೆ ಹೋಗಿ ಬರುವಷ್ಟರಲ್ಲಿ ಜೊಹರ್, ಅಸರ್, ಮಗ್ರಿಬ್ ಮೂರೂ ಬಂದು ಹೋಗಿರುತ್ತವೆ. ಚಳಿಗಾಲದಲ್ಲಿ ಹೋಗುವವರು ಹೊರಗೆ ಹೊರಡುವಾಗ ವುಝೂ ಮಾಡಿಕೊಂಡೇ ಹೊರಡುವುದು ಉತ್ತಮ. ಚರ್ಮದ ಮೋಜಾ ಧರಿಸಿದ್ದರೆ ಅದರ ಮೇಲೆ ಮಸಹ್ ಮಾಡುವ ಅನುಕೂಲ ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿಯವರೆಗೆ ಇದೆ. ಸಾಧಾರಣ ಹತ್ತಿಯ ಕಾಲುಚೀಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಶಾಫಿ, ಹನಫಿ: ಪ್ರಯಾಣಿಕನ ನಮಾಜ್

ಕಾಸರಗೋಡು, ವಯನಾಡಿನ ಕಡೆಯ ಮುಸ್ಲಿಮರು ಹೆಚ್ಚಾಗಿ ಶಾಫಿ ಮದ್‌ಹಬ್‌ನವರು. ಸೋಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗದ ಕಡೆಯವರು ಹೆಚ್ಚಾಗಿ ಹನಫಿಗಳು. ಲಂಡನ್‌ನ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಮಸೀದಿಗಳು ಬಹುತೇಕ ಹನಫಿ ಪದ್ಧತಿಯವು. ಆದ್ದರಿಂದ ಕೆಲವು ವ್ಯತ್ಯಾಸಗಳನ್ನು ಮೊದಲೇ ತಿಳಿದಿರಬೇಕು.

ಪ್ರಯಾಣದಲ್ಲಿ ನಾಲ್ಕು ರಕಾತ್‌ನ ನಮಾಜನ್ನು ಎರಡಕ್ಕೆ ಇಳಿಸುವ ಖಸ್ರ್ ಎರಡೂ ಮದ್‌ಹಬ್‌ಗಳಲ್ಲಿದೆ. ಶಾಫಿಗಳಲ್ಲಿ ಅದು ರಿಯಾಯಿತಿ. ಹನಫಿಗಳಲ್ಲಿ ವಾಜಿಬ್. ಒಂದೇ ಊರಿನಲ್ಲಿ ತಂಗುವವರ ವಿಷಯದಲ್ಲಿ, ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ಪೂರ್ಣ ದಿನ ಅಥವಾ ಅದಕ್ಕಿಂತ ಹೆಚ್ಚು ಇರುವ ನಿಯ್ಯತ್ ಇದ್ದರೆ ಶಾಫಿಗಳು ಪೂರ್ತಿ ನಮಾಜ್ ಮಾಡಬೇಕು. ಹನಫಿಗಳಿಗೆ ಈ ಗಡಿ 15 ದಿನ. ಅಂದರೆ ಹತ್ತು ದಿನದ ಪ್ರವಾಸಕ್ಕೆ ಹೋದ ಕಾಸರಗೋಡಿನವರು ಪೂರ್ತಿಯಾಗಿ, ಅದೇ ಹತ್ತು ದಿನಕ್ಕೆ ಹೋದ ಸೋಲಾಪುರದವರು ಖಸ್ರ್ ಆಗಿ ಮಾಡುತ್ತಾರೆ. ಇಬ್ಬರದೂ ಸರಿಯೇ. ಪೂರ್ತಿ ಮಾಡುವ ಇಮಾಮರ ಹಿಂದೆ ನಿಂತರೆ ಇಬ್ಬರೂ ನಾಲ್ಕು ರಕಾತ್ ಮಾಡಬೇಕು.

ಜೊಹರ್-ಅಸರ್, ಮಗ್ರಿಬ್-ಇಶಾಗಳನ್ನು ಒಟ್ಟಿಗೆ ಮಾಡುವ ಜಮ್ಅ್ ಶಾಫಿ ಪ್ರಯಾಣಿಕರಿಗೆ ಉಂಟು. ಹನಫಿಗಳಲ್ಲಿ ಹಜ್‌ನ ಸಂದರ್ಭ ಬಿಟ್ಟರೆ ಇಲ್ಲ. ಅಸರ್ ವೇಳೆಯಲ್ಲೂ ವ್ಯತ್ಯಾಸವಿದ್ದು, ಹನಫಿಗಳ ಅಸರ್ ತಡವಾಗಿ ಆರಂಭವಾಗುತ್ತದೆ. ಕೆಲವು ಮಸೀದಿಗಳ ಪಟ್ಟಿಯಲ್ಲಿ ಎರಡು ಅಸರ್ ವೇಳೆ ಅಚ್ಚಾಗಿರುವುದು ಇದೇ ಕಾರಣಕ್ಕೆ. ನಿಮ್ಮ ಸಂದೇಹಗಳನ್ನು ಹೊರಡುವ ಮುನ್ನವೇ ಊರಿನ ಉಸ್ತಾದರಲ್ಲಿ ಅಥವಾ ಇಮಾಮ್ ಸಾಹೇಬರಲ್ಲಿ ಕೇಳಿ ಪರಿಹರಿಸಿಕೊಳ್ಳಿ.

ಮುಖ್ಯ ಮಸೀದಿಗಳು

ಈಸ್ಟ್ ಲಂಡನ್ ಮಸೀದಿ: ವೈಟ್‌ಚಾಪೆಲ್ ರಸ್ತೆಯಲ್ಲಿದೆ. ಲಂಡನ್‌ನಲ್ಲಿ ಮಸೀದಿ ಕಟ್ಟಬೇಕೆಂದು 1910ರಲ್ಲಿ ನಿಧಿ ಸಂಗ್ರಹ ಆರಂಭಿಸಿದವರಲ್ಲಿ ಪ್ರಮುಖರು ಬಂಗಾಳದ ನ್ಯಾಯಮೂರ್ತಿ ಸೈಯದ್ ಅಮೀರ್ ಅಲಿ. ಆ ಹಣದಿಂದ 1941ರಲ್ಲಿ ಕಮರ್ಷಿಯಲ್ ರೋಡ್‌ನ ಮನೆಗಳಲ್ಲಿ ಮಸೀದಿ ಆರಂಭವಾಯಿತು. ಈಗಿನ ಕಟ್ಟಡ 1985ರದ್ದು. ಪಕ್ಕದ ಲಂಡನ್ ಮುಸ್ಲಿಂ ಸೆಂಟರ್ 2004ರಲ್ಲಿ, ಮಹಿಳೆಯರಿಗಾಗಿ ಮರ್ಯಮ್ ಸೆಂಟರ್ 2013ರಲ್ಲಿ ಸೇರ್ಪಡೆಯಾದವು. ಧ್ವನಿವರ್ಧಕದಲ್ಲಿ ಅಜಾನ್ ಕೇಳಿಬರುವ ಬ್ರಿಟನ್ನಿನ ಕೆಲವೇ ಮಸೀದಿಗಳಲ್ಲಿ ಇದೂ ಒಂದು. ಹೀಥ್ರೂ ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನ್ ರೈಲು ನೇರವಾಗಿ ವೈಟ್‌ಚಾಪೆಲ್‌ಗೆ ಹೋಗುತ್ತದೆ. ಅಲ್ಲಿಂದ ನಡೆದೇ ಹೋಗಬಹುದು.

ಲಂಡನ್ ಸೆಂಟ್ರಲ್ ಮಸೀದಿ: ರೀಜೆಂಟ್ಸ್ ಪಾರ್ಕ್ ಅಂಚಿನಲ್ಲಿ ಬಂಗಾರದ ಬಣ್ಣದ ಗುಮ್ಮಟ ದೂರದಿಂದಲೇ ಕಾಣುತ್ತದೆ. ಇಲ್ಲಿನ ಇಸ್ಲಾಮಿಕ್ ಕಲ್ಚರಲ್ ಸೆಂಟರ್ 1944ರಲ್ಲಿ ಆರಂಭವಾಯಿತು. ವಾಸ್ತುಶಿಲ್ಪಿ ಫ್ರೆಡರಿಕ್ ಗಿಬರ್ಡ್ ವಿನ್ಯಾಸದ ಮಸೀದಿ 1977ರಲ್ಲಿ ಮುಗಿಯಿತು. ಬೇಕರ್ ಸ್ಟ್ರೀಟ್ ನಿಲ್ದಾಣದಿಂದ ಹತ್ತು-ಹದಿನೈದು ನಿಮಿಷದ ನಡಿಗೆ. ನಗರದ ನಡುಭಾಗ ನೋಡಲು ಹೋದವರಿಗೆ ಅನುಕೂಲ. ಮಹಿಳೆಯರಿಗೆ ಪ್ರತ್ಯೇಕ ಸ್ಥಳವಿದೆ.

ಬ್ರಿಕ್ ಲೇನ್ ಜಾಮೆ ಮಸೀದಿ: ಈ ಕಟ್ಟಡದ ಕಥೆ ಗಡಿನಾಡಿನವರಾದ ನಮಗೆ ಬೇಗ ಅರ್ಥವಾಗುವಂಥದ್ದು. 1743ರಲ್ಲಿ ಫ್ರಾನ್ಸ್‌ನಿಂದ ಓಡಿಬಂದ ಪ್ರೊಟೆಸ್ಟೆಂಟ್ ಕ್ರೈಸ್ತರು ಇದನ್ನು ಚರ್ಚ್ ಆಗಿ ಕಟ್ಟಿದರು. ಮುಂದೆ ಮೆಥಡಿಸ್ಟ್ ಪ್ರಾರ್ಥನಾ ಮಂದಿರವಾಯಿತು. 1898ರಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು. 1976ರಿಂದ ಬಾಂಗ್ಲಾದೇಶೀಯರ ಮಸೀದಿ. ಬಂದವರು ಬದಲಾದರು, ಪ್ರಾರ್ಥನೆ ನಿಲ್ಲಲಿಲ್ಲ.

ಸುಲೈಮಾನಿಯಾ ಮಸೀದಿ: ಶೋರ್‌ಡಿಚ್ ಬಳಿ ಕಿಂಗ್ಸ್‌ಲ್ಯಾಂಡ್ ರಸ್ತೆಯಲ್ಲಿ ತುರ್ಕಿ ಶೈಲಿಯ ಎತ್ತರದ ಮಿನಾರು ಇರುವ ಮಸೀದಿ.

ಅಲ್ ಮನಾರ್: ಪಶ್ಚಿಮ ಲಂಡನ್‌ನ ವೆಸ್ಟ್‌ಬೋರ್ನ್ ಪಾರ್ಕ್ ಬಳಿ 2001ರಲ್ಲಿ ಆರಂಭವಾದ ಕೇಂದ್ರ. 2017ರಲ್ಲಿ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದಾಗ ಮನೆ ಕಳೆದುಕೊಂಡ ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿಟ್ಟಿದ್ದು ಈ ಮಸೀದಿ.

ವೋಕಿಂಗ್‌ನ ಶಾಹಜಹಾನ್ ಮಸೀದಿ: ಲಂಡನ್‌ನ ಹೊರಗೆ, ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. 1889ರಲ್ಲಿ ಕಟ್ಟಿದ ಇದು ಮಸೀದಿಯೆಂದೇ ಬ್ರಿಟನ್ನಿನಲ್ಲಿ ಕಟ್ಟಿಸಿದ ಮೊದಲ ಕಟ್ಟಡ. ಹಣ ಕೊಟ್ಟವರು ನಮ್ಮ ಭೋಪಾಲದ ಬೇಗಂ ಶಾಹಜಹಾನ್. ಮಸೀದಿಗೆ ಅವರ ಹೆಸರೇ ಇದೆ.

ಮಸೀದಿಗೆ ಹೋಗುವಾಗ ಗಮನಿಸಿ

ಹೆಚ್ಚಿನ ಮಸೀದಿಗಳಲ್ಲಿ ಅಜಾನ್ ಒಳಗೆ ಮಾತ್ರ ಕೇಳುತ್ತದೆ. ಬಾಂಗಿನ ಶಬ್ದಕ್ಕಾಗಿ ಕಾದು ಕೂತರೆ ಜಮಾಅತ್ ತಪ್ಪುತ್ತದೆ. ಚಿಕ್ಕ ಮಸೀದಿಗಳು ನಮಾಜಿನ ವೇಳೆಗೆ ಮಾತ್ರ ಬಾಗಿಲು ತೆರೆಯುತ್ತವೆ. ಅಂಗಡಿ ಸಾಲಿನ ಮಹಡಿಯ ಮೇಲೆ, ಹಳೆಯ ಮನೆಯೊಳಗೆ ಇರುವ ಮಸೀದಿಗಳೂ ಬೇಕಾದಷ್ಟಿವೆ. ಮಿನಾರು ಕಾಣಲಿಲ್ಲವೆಂದು ಹಿಂದಿರುಗಬೇಡಿ.

ನಮ್ಮ ಕಾಸರಗೋಡಿನವರು ಸುಬಹ್, ಲುಹರ್ ಎನ್ನುವುದನ್ನು ಅಲ್ಲಿನ ಪಟ್ಟಿಯಲ್ಲಿ ಫಜರ್, ಜುಹರ್ ಎಂದು ಬರೆದಿರುತ್ತಾರೆ. ಪ್ರತಿ ನಮಾಜಿಗೂ ಎರಡು ವೇಳೆ ಇರುತ್ತದೆ. ಮೊದಲನೆಯದು ವೇಳೆ ಆರಂಭವಾಗುವುದು, ಎರಡನೆಯದು ಜಮಾಅತ್ ನಿಲ್ಲುವುದು.

ಶುಕ್ರವಾರ ಅಲ್ಲಿ ಕೆಲಸದ ದಿನ. ಜನ ಹೆಚ್ಚಾದ್ದರಿಂದ ಅನೇಕ ಮಸೀದಿಗಳಲ್ಲಿ ಜುಮಾ ಎರಡು, ಮೂರು ಸರದಿಯಲ್ಲಿ ನಡೆಯುತ್ತದೆ. ಮುಖ್ಯ ಖುತ್ಬಾಕ್ಕೆ ಮುಂಚೆ ಇಂಗ್ಲಿಷ್, ಬಂಗಾಳಿ, ಉರ್ದು ಭಾಷೆಗಳಲ್ಲಿ ಪ್ರವಚನ ಇರುವುದುಂಟು. ಉರ್ದು ಬಲ್ಲವರಿಗೆ ಭಾಷೆಯ ತೊಂದರೆ ಇಲ್ಲ.

ಹೆಂಗಸರು ಜೊತೆಗಿದ್ದರೆ ಎಲ್ಲ ಮಸೀದಿಯಲ್ಲೂ ಅವರಿಗೆ ಸ್ಥಳ ಇರುತ್ತದೆಂದು ತಿಳಿಯಬೇಡಿ. ಮೇಲೆ ಹೇಳಿದ ದೊಡ್ಡ ಮಸೀದಿಗಳಲ್ಲಿ ಇದೆ. ಉಪಖಂಡದವರ ಚಿಕ್ಕ ಮಸೀದಿಗಳಲ್ಲಿ ಅನೇಕ ಕಡೆ ಇಲ್ಲ. ಮೊದಲೇ ಫೋನ್ ಮಾಡಿ ವಿಚಾರಿಸಿ.

ಹೀಥ್ರೂ ವಿಮಾನ ನಿಲ್ದಾಣದ ಎಲ್ಲ ಟರ್ಮಿನಲ್‌ಗಳಲ್ಲೂ ಸರ್ವಧರ್ಮ ಪ್ರಾರ್ಥನಾ ಕೊಠಡಿಗಳಿವೆ. ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳಲ್ಲೂ ಇಂಥ ಕೊಠಡಿ ಸಾಮಾನ್ಯ. 'ಪ್ರೇಯರ್ ರೂಮ್' ಎಂದು ಕೇಳಿದರೆ ಸಾಕು, ತೋರಿಸುತ್ತಾರೆ.

ಹಲಾಲ್ ಎಂಬ ಬೋರ್ಡಿನ ಹಿಂದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಲಂಡನ್‌ನಲ್ಲಿ 'ಹಲಾಲ್' ಬೋರ್ಡಿಗೆ ಕೊರತೆ ಇಲ್ಲ. ಆದರೆ ಬೋರ್ಡು ಯಾರೂ ಹಾಕಬಹುದು. ಅದರ ಹಿಂದೆ ಯಾವ ಸಂಸ್ಥೆಯ ಪ್ರಮಾಣಪತ್ರ ಇದೆ ಎಂಬುದನ್ನು ನೋಡಬೇಕು.

ಬ್ರಿಟನ್ನಿನ ಕಾನೂನಿನಂತೆ ಪ್ರಾಣಿಯನ್ನು ಕೊಯ್ಯುವ ಮುನ್ನ ಪ್ರಜ್ಞೆ ತಪ್ಪಿಸಬೇಕು. ಮುಸ್ಲಿಮರ ಮತ್ತು ಯಹೂದಿಗಳ ಧಾರ್ಮಿಕ ವಧೆಗೆ ಇದರಿಂದ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಹಲಾಲ್ ಮಾಂಸದ ಹೆಚ್ಚಿನ ಪಾಲು ವಿದ್ಯುತ್ತಿನ ಮೂಲಕ ಪ್ರಜ್ಞೆ ತಪ್ಪಿಸಿಯೇ ಬರುತ್ತದೆ. ಇದು ಹಲಾಲ್ ಆಗುತ್ತದೆಯೇ ಎಂಬುದರಲ್ಲಿ ಅಲ್ಲಿನ ಉಲೆಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಎರಡು ಪ್ರಮುಖ ಸಂಸ್ಥೆಗಳು ಹೀಗಿವೆ.

ಎಚ್‌ಎಫ್‌ಎ, ಅಂದರೆ ಹಲಾಲ್ ಫುಡ್ ಅಥಾರಿಟಿ, 1994ರಲ್ಲಿ ಸ್ಥಾಪನೆಯಾಯಿತು. ಪ್ರಾಣಿ ಸಾಯದಂತೆ, ಎಚ್ಚರ ಮಾತ್ರ ತಪ್ಪುವಂತೆ ಮಾಡುವ ವಿಧಾನವನ್ನು ಇದು ಷರತ್ತಿನ ಮೇಲೆ ಒಪ್ಪುತ್ತದೆ.

ಎಚ್‌ಎಂಸಿ, ಅಂದರೆ ಹಲಾಲ್ ಮಾನಿಟರಿಂಗ್ ಕಮಿಟಿ, 2003ರಲ್ಲಿ ಸ್ಥಾಪನೆಯಾಯಿತು. ಪ್ರಜ್ಞೆ ತಪ್ಪಿಸುವುದನ್ನೂ ಯಂತ್ರದಿಂದ ಕೊಯ್ಯುವುದನ್ನೂ ಇದು ಒಪ್ಪುವುದಿಲ್ಲ. ಕಸಾಯಿಖಾನೆಯಿಂದ ಅಂಗಡಿಯವರೆಗೆ ತನ್ನ ತಪಾಸಣೆಗಾರರನ್ನು ಇಡುತ್ತದೆ.

ಇವೆರಡರಲ್ಲಿ ಯಾವುದನ್ನು ಅನುಸರಿಸಬೇಕು ಎಂಬುದು ನಿಮ್ಮ ಮನಸ್ಸಾಕ್ಷಿಗೂ ನಿಮ್ಮ ಉಸ್ತಾದರ ಮಾರ್ಗದರ್ಶನಕ್ಕೂ ಬಿಟ್ಟದ್ದು. ಊರಿನ ಹಾಗೆ ಕೈಯಿಂದ ಕೊಯ್ದದ್ದೇ ಬೇಕು ಎನ್ನುವವರು ಎಚ್‌ಎಂಸಿ ಗುರುತನ್ನು ಹುಡುಕುವುದು ಸುಲಭದ ದಾರಿ. ಪ್ರಮಾಣಪತ್ರವನ್ನು ಗೋಡೆಯಲ್ಲಿ ತೂಗುಹಾಕಿರುತ್ತಾರೆ. ತಾರೀಕು ನೋಡಿ. ಸಂಶಯವಿದ್ದರೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಅಂಗಡಿಯ ಹೆಸರಿದೆಯೇ ನೋಡಬಹುದು. ಬಾಗಿಲಲ್ಲಿ ಹಸಿರು ಬಣ್ಣದ ಪಟ್ಟಿಯ ಮೇಲೆ 0ಯಿಂದ 5ರವರೆಗಿನ ಅಂಕಿ ಕಂಡರೆ ಅದು ಸ್ವಚ್ಛತೆಯ ಅಂಕ. ಹಲಾಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಕೆಎಫ್‌ಸಿ, ನ್ಯಾಂಡೋಸ್‌ನಂಥ ಕಂಪನಿಗಳ ಕೆಲವು ಶಾಖೆಗಳಲ್ಲಿ ಮಾತ್ರ ಹಲಾಲ್ ಕೋಳಿ ಇರುತ್ತದೆ, ಎಲ್ಲ ಕಡೆ ಇಲ್ಲ. ಒಂದು ಶಾಖೆಯಲ್ಲಿ ತಿಂದೆವೆಂದು ಇನ್ನೊಂದರಲ್ಲಿ ಕೇಳದೆ ತಿನ್ನಬೇಡಿ. ಬ್ರಿಟನ್ನಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ಹಲಾಲ್ ಮಾಂಸ ಇಲ್ಲ. ಹಲಾಲ್ ಮಾಂಸ ಇದ್ದೂ ಮದ್ಯ ಮಾರುವ ಹೋಟೆಲುಗಳಿವೆ. ತಾವು ಮಾರದಿದ್ದರೂ ಗಿರಾಕಿಗಳು ತಂದು ಕುಡಿಯಲು ಬಿಡುವ ಹೋಟೆಲುಗಳೂ ಇವೆ. ಇದನ್ನು ಸಹಿಸದವರು ಕೂರುವ ಮೊದಲೇ ಕೇಳಿಕೊಳ್ಳಬೇಕು.

ಕಾಣದೆ ಬರುವ ಪದಾರ್ಥಗಳು

ಹಂದಿಮಾಂಸ ಅಲ್ಲಿ ನಾನಾ ಹೆಸರಿನಲ್ಲಿ ಬರುತ್ತದೆ. ಹ್ಯಾಮ್, ಬೇಕನ್, ಗ್ಯಾಮನ್, ಪೆಪ್ಪರೋನಿ, ಚೊರಿಜೊ, ಇವೆಲ್ಲ ಸಾಮಾನ್ಯವಾಗಿ ಹಂದಿಯದ್ದೇ. ಬರೇ ಸಾಸೇಜ್ ಎಂದಿದ್ದರೆ ಅದೂ ಹಂದಿಯದೆಂದೇ ತಿಳಿಯಿರಿ. ಬ್ಲ್ಯಾಕ್ ಪುಡ್ಡಿಂಗ್ ಎಂದರೆ ಸಿಹಿಯಲ್ಲ, ಹಂದಿಯ ರಕ್ತದಿಂದ ಮಾಡಿದ್ದು. ಲಾರ್ಡ್ ಎಂದರೆ ಹಂದಿಯ ಕೊಬ್ಬು.

ಮೀನು-ಚಿಪ್ಸ್ ಆದರೆ ತೊಂದರೆ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಮೀನು ಸರಿ, ಕರಿದ ಎಣ್ಣೆ? ಕೆಲವು ಅಂಗಡಿಗಳು ಇಂದಿಗೂ ದನದ ಕೊಬ್ಬಿನಲ್ಲಿ ಕರಿಯುತ್ತವೆ. ಅದಕ್ಕೆ ಬೀಫ್ ಡ್ರಿಪ್ಪಿಂಗ್ ಎನ್ನುತ್ತಾರೆ. ಕೆಲವು ಕಡೆ ಮೀನನ್ನು ಅದ್ದುವ ಹಿಟ್ಟಿಗೆ ಬಿಯರ್ ಬೆರೆಸುತ್ತಾರೆ. 'ವೆಜಿಟೆಬಲ್ ಆಯಿಲ್‌ನಲ್ಲಿ ಕರಿದದ್ದೇ, ಬಿಯರ್ ಇದೆಯೇ' ಎಂದು ಕೇಳುವುದರಲ್ಲಿ ನಾಚಿಕೆ ಬೇಡ. ಅಲ್ಲಿ ಇಂಥ ಪ್ರಶ್ನೆಗೆ ಯಾರೂ ಬೇಸರಿಸುವುದಿಲ್ಲ.

ಸಮುದ್ರದ ಆಹಾರದಲ್ಲೂ ಮದ್‌ಹಬ್ ನೋಡಬೇಕು. ಏಡಿ, ಮರುವಾಯಿ, ಬೊಂಡಾಸ್ ಎಲ್ಲ ತಿನ್ನುವ ಶಾಫಿಗಳ ಜೊತೆ ಹನಫಿಗಳು ಊಟಕ್ಕೆ ಕೂತರೆ ಅವರಿಗೆ ಮೀನು ಮಾತ್ರ. ಸೀಗಡಿಯ ವಿಷಯದಲ್ಲಿ ಹನಫಿ ಉಲೆಮಾಗಳಲ್ಲೇ ಎರಡು ಅಭಿಪ್ರಾಯವಿದೆ.

ಮಿಠಾಯಿ, ಜೆಲ್ಲಿಗಳಲ್ಲಿ ಜೆಲಟಿನ್ ಇದ್ದು, ಅದು ಹಂದಿಯದ್ದಾಗಿರುವ ಸಾಧ್ಯತೆ ಹೆಚ್ಚು. ಮಾತ್ರೆಗಳ ಕ್ಯಾಪ್ಸೂಲ್‌ಗಳಲ್ಲೂ ಇರುತ್ತದೆ. ಇ 120 ಎಂಬ ಕೆಂಪು ಬಣ್ಣ ಕೀಟದಿಂದ ತೆಗೆದದ್ದು. ಇ 471 ಗಿಡದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ತಿರಮಿಸು, ಶೆರ್ರಿ ಟ್ರೈಫಲ್, ಕ್ರಿಸ್‌ಮಸ್ ಪುಡ್ಡಿಂಗ್‌ಗಳಲ್ಲಿ ಮದ್ಯ ಬೆರೆಸುವುದು ಸಾಮಾನ್ಯ. ಪೊಟ್ಟಣದ ಮೇಲೆ ಏನೇನು ಬೆರೆಸಿದೆ ಎಂಬುದನ್ನು ಕಾನೂನಿನಂತೆ ಅಚ್ಚು ಹಾಕಿರುತ್ತಾರೆ. ಓದಲು ಸಮಯ ಇಲ್ಲದವರು 'ಸೂಟಬಲ್ ಫಾರ್ ವೆಜಿಟೇರಿಯನ್ಸ್' ಎಂಬ ಗುರುತು ನೋಡಿ ಕೊಂಡರೆ ಮಾಂಸ, ಕೊಬ್ಬು, ಜೆಲಟಿನ್‌ಗಳ ಚಿಂತೆ ತಪ್ಪುತ್ತದೆ. ಮದ್ಯದ ವಿಷಯ ಮಾತ್ರ ಬೇರೆಯಾಗಿ ನೋಡಬೇಕು.

ಎಲ್ಲಿ ತಿನ್ನಬಹುದು?

ವೈಟ್‌ಚಾಪೆಲ್: ಬಾಂಗ್ಲಾದೇಶಿ, ಪಾಕಿಸ್ತಾನಿ ಹೋಟೆಲುಗಳು. ಕಬಾಬ್, ಬಿರಿಯಾನಿ, ಅನ್ನ-ಮೀನುಸಾರು ಸಿಗುತ್ತದೆ. ಲಂಡನ್‌ನಲ್ಲಿ 'ಇಂಡಿಯನ್' ಎಂದು ಬೋರ್ಡು ಹಾಕಿದ ಹೋಟೆಲುಗಳನ್ನು ಹೆಚ್ಚಾಗಿ ನಡೆಸುವವರು ಸಿಲ್ಹೆಟ್ ಕಡೆಯ ಬಾಂಗ್ಲಾದೇಶೀಯರೇ.

ಈಸ್ಟ್ ಹ್ಯಾಮ್: ಮಲಯಾಳಿ, ತಮಿಳು ಹೋಟೆಲುಗಳ ಸಾಲು. ಪುಟ್ಟು, ಪರೋಟ, ದೋಸೆ, ಕುಸುಬಲಕ್ಕಿ ಅನ್ನ ಬೇಕೆನಿಸಿದ ಕಾಸರಗೋಡು, ತಾಳವಾಡಿ ಕಡೆಯವರು ಇಲ್ಲಿಗೆ ಹೋದರೆ ಮಾತಿಗೂ ಜನ ಸಿಗುತ್ತಾರೆ. ಎಲ್ಲ ಹೋಟೆಲೂ ಹಲಾಲ್ ಅಲ್ಲ, ಕೇಳಿ ಕೂರಿ. ಪಕ್ಕದ ಅಪ್ಟನ್ ಪಾರ್ಕ್‌ನ ಗ್ರೀನ್ ಸ್ಟ್ರೀಟ್‌ನಲ್ಲಿ ದಿನಸಿ, ತರಕಾರಿ, ಹಲಾಲ್ ಮಾಂಸದ ಅಂಗಡಿಗಳಿವೆ.

ಟೂಟಿಂಗ್: ದಕ್ಷಿಣ ಲಂಡನ್. ಶ್ರೀಲಂಕಾ ತಮಿಳರ, ದಕ್ಷಿಣ ಭಾರತೀಯರ, ಪಾಕಿಸ್ತಾನಿಗಳ ಹೋಟೆಲುಗಳು.

ಸೌತಾಲ್: ಪಶ್ಚಿಮದಲ್ಲಿ ಹೀಥ್ರೂಗೆ ಹತ್ತಿರ. ಪಂಜಾಬಿಗಳ ಪೇಟೆ.

ಎಜ್‌ವೇರ್ ರೋಡ್: ಮಾರ್ಬಲ್ ಆರ್ಚ್‌ನಿಂದ ಉತ್ತರಕ್ಕೆ ಹೋಗುವ ರಸ್ತೆ. ಲೆಬನಾನ್ ಮತ್ತಿತರ ಅರಬ್ ದೇಶಗಳ ಹೋಟೆಲುಗಳು. ಗಲ್ಫ್‌ನಲ್ಲಿದ್ದು ಬಂದವರಿಗೆ ಪರಿಚಿತ ರುಚಿ. ರೈಲಿನಲ್ಲಿ ಹೋಗುವಾಗ 'ಎಜ್‌ವೇರ್ ರೋಡ್' ನಿಲ್ದಾಣದಲ್ಲಿ ಇಳಿಯಬೇಕು. ಬರೇ 'ಎಜ್‌ವೇರ್' ಎಂಬ ನಿಲ್ದಾಣ ಬಹುದೂರ ಉತ್ತರದಲ್ಲಿದೆ.

ಡ್ರಮ್ಮಂಡ್ ಸ್ಟ್ರೀಟ್: ಯೂಸ್ಟನ್ ನಿಲ್ದಾಣದ ಬಳಿ. ಭೇಲ್‌ಪುರಿ, ದೋಸೆಯ ಸಸ್ಯಾಹಾರಿ ಹೋಟೆಲುಗಳು. ಮಾಂಸದ ಗೊಡವೆಯೇ ಬೇಡ ಎನ್ನುವವರಿಗೆ ಸರಿ.

ಹೋಟೆಲಿನಲ್ಲಿ ನೀರು ಕೇಳುವಾಗ 'ಟ್ಯಾಪ್ ವಾಟರ್' ಎಂದು ಕೇಳಿ. ಬರೇ 'ವಾಟರ್' ಎಂದರೆ ದುಡ್ಡಿನ ಬಾಟಲಿ ತಂದಿಡುತ್ತಾರೆ. ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಸೇರಿದ್ದರೆ ಬೇರೆ ಟಿಪ್ಸ್ ಕೊಡಬೇಕಾಗಿಲ್ಲ.

ಲಂಡನ್‌ನಲ್ಲಿ ಮೊದಲ ಭಾರತೀಯ ಹೋಟೆಲು ತೆರೆದವರು ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದವರು ಎಂಬುದು ಅನೇಕರಿಗೆ ಗೊತ್ತಿಲ್ಲ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಬಳಿ ಹಿಂದೂಸ್ತಾನಿ ಕಾಫಿ ಹೌಸ್ ಆರಂಭಿಸಿದರು. ವ್ಯಾಪಾರ ಕೈಗೂಡದೆ 1812ರಲ್ಲಿ ದಿವಾಳಿಯಾದರು. ಅದೇ ಊರಿನಲ್ಲಿ ಇಂದು ಬಿರಿಯಾನಿ ಸಿಗದ ಬಡಾವಣೆ ಅಪರೂಪ.

ರಂಜಾನ್ ಮತ್ತು ಈದ್

ಉಪವಾಸದ ತಿಂಗಳು ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ 2030ರ ಹೊತ್ತಿಗೆ ಅದು ಚಳಿಗಾಲದ ನಡುವೆ ಬರುತ್ತದೆ. ಆಗ ಲಂಡನ್‌ನ ಉಪವಾಸ ನಮ್ಮೂರಿಗಿಂತ ಚಿಕ್ಕದು. ಜೂನ್‌ನಲ್ಲಿ ಬಂದ ವರ್ಷಗಳಲ್ಲಿ ಹದಿನೆಂಟು ಗಂಟೆಗೂ ಮೀರುತ್ತಿತ್ತು. ದೊಡ್ಡ ಮಸೀದಿಗಳಲ್ಲಿ ಇಫ್ತಾರ್ ವ್ಯವಸ್ಥೆ ಇರುತ್ತದೆ. ಒಂಟಿಯಾಗಿ ಬಂದ ಪ್ರಯಾಣಿಕನೂ ಸಂಕೋಚವಿಲ್ಲದೆ ಹೋಗಿ ಕೂರಬಹುದು. 2023ರಿಂದ ನಗರದ ನಡುಭಾಗದ ಕೊವೆಂಟ್ರಿ ಸ್ಟ್ರೀಟ್‌ನಲ್ಲಿ ರಂಜಾನ್ ದೀಪಾಲಂಕಾರವೂ ಆರಂಭವಾಗಿದೆ.

ಈದ್ ದಿನದ ವಿಷಯದಲ್ಲಿ ಎಚ್ಚರ. ಕೆಲವು ಮಸೀದಿಗಳು ಸೌದಿ ಅರೇಬಿಯಾದ ಘೋಷಣೆಯನ್ನು, ಇನ್ನು ಕೆಲವು ಬೇರೆ ಕಡೆಯ ಚಂದ್ರದರ್ಶನವನ್ನು ಅನುಸರಿಸುತ್ತವೆ. ಒಂದೇ ರಸ್ತೆಯಲ್ಲಿ ಎರಡು ದಿನ ಹಬ್ಬ ಆಗಬಹುದು. ಕಾಸರಗೋಡಿನಲ್ಲಿ ಒಂದು ದಿನ, ಸೋಲಾಪುರದಲ್ಲಿ ಮರುದಿನ ಹಬ್ಬ ಮಾಡುವ ನಮಗೆ ಇದೇನೂ ಹೊಸತಲ್ಲ.

ನೋಡಲೇಬೇಕಾದ ಎರಡು ಕಡೆ

ಕನ್ನಡ ನಾಡಿನವರು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ನೋಡದೆ ಬರಬಾರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಕೊಂಡೊಯ್ದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಅದೇ ಕಟ್ಟಡದಲ್ಲಿ ಇಸ್ಲಾಮಿ ಕಲೆಯ ದೊಡ್ಡ ಸಂಗ್ರಹವೂ ಇದೆ. ಪ್ರವೇಶ ಉಚಿತ. ಥೇಮ್ಸ್ ನದಿಯ ದಂಡೆಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು.

ಕೊನೆಯದಾಗಿ ಒಂದು ಮಾತು. ಪರಊರಿನಲ್ಲಿ ಕೇಳುವುದಕ್ಕೆ ನಾಚಿದವನು ಹಸಿದಿರುತ್ತಾನೆ ಅಥವಾ ತಿನ್ನಬಾರದ್ದನ್ನು ತಿನ್ನುತ್ತಾನೆ. 'ಈ ಮಾಂಸ ಹಲಾಲ್ ಹೌದೇ, ಯಾರ ಸರ್ಟಿಫಿಕೇಟ್ ಇದೆ?' ಎಂಬೆರಡು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೋ ಉರ್ದುವಿನಲ್ಲೋ ಕಲಿತುಕೊಂಡು ಹೊರಡಿ. ಮೊದಲ ಜುಮಾಕ್ಕೆ ಹತ್ತಿರದ ಮಸೀದಿಗೆ ಹೋಗಿ, ಪಕ್ಕದಲ್ಲಿ ಕೂತವರಿಗೆ ಸಲಾಂ ಹೇಳಿ. ಮಾಂಸದ ಅಂಗಡಿ ಯಾವುದು, ಊಟದ ಹೋಟೆಲ್ ಯಾವುದು ಎಂಬುದನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅವರೇ ಹೇಳುತ್ತಾರೆ. ನಿಮ್ಮ ಪ್ರಯಾಣ ಸುಖಕರವಾಗಲಿ.